ತೆಂಗಿನ ಎತ್ತರ, ರನ್‌ವೇಯ ಉದ್ದ

ಭೂಪಟದಲ್ಲಿ ದೇವನಹಳ್ಳಿಯ ಮೇಲೆ ಕೈವಾರದ ಮುಳ್ಳು ಊರಿ, 150 ಕಿಲೋಮೀಟರ್ ಅಳತೆಗೆ ಒಂದು ಸುತ್ತು ತಿರುಗಿಸಿದರೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು ಮೂರೂ ಆ ವೃತ್ತದ ಒಳಗೇ ಬೀಳುತ್ತವೆ. ಕಂದಾಯ ಇಲಾಖೆಯ ಯಾವ ನಕ್ಷೆಯಲ್ಲೂ ಈ ಗೆರೆ ಇಲ್ಲ. ಅದು ಇರುವುದು ಕೇಂದ್ರ ಸರ್ಕಾರವೂ ಬೆಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಕಂಪನಿಯೂ 2004ರ ಜುಲೈನಲ್ಲಿ ಸಹಿ ಹಾಕಿದ ಕರಾರು ಪತ್ರದಲ್ಲಿ. ದೇವನಹಳ್ಳಿ ನಿಲ್ದಾಣ ತೆರೆದ ದಿನದಿಂದ 25 ವರ್ಷ, ಈ ಸುತ್ತಳತೆಯೊಳಗೆ ಇನ್ನೊಂದು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಅನುಮತಿ ಇಲ್ಲ. ಮೈಸೂರು ಮತ್ತು ಹಾಸನಕ್ಕೆ ಮಾತ್ರ ವಿನಾಯಿತಿ. ನಿಲ್ದಾಣ ತೆರೆದದ್ದು 2008ರ ಮೇ 24ರಂದು. ಅಂದರೆ ಗಡುವು ಮುಗಿಯುವುದು 2033ರ ಮೇ ತಿಂಗಳಲ್ಲಿ.

ಕೊಬ್ಬರಿ ಸೀಮೆಯವರು ವಿಮಾನ ನಿಲ್ದಾಣ ಬೇಕೆಂದು ಕೂತವರಲ್ಲ. ಉಂಡೆ ಕೊಬ್ಬರಿ ರೈಲಿನಲ್ಲೂ ಲಾರಿಯಲ್ಲೂ ಹೋಗುವ ಸರಕು. ಅದಕ್ಕೆ ಆಕಾಶದ ಅವಸರವಿಲ್ಲ. ಆದರೂ ವಿಮಾನ ನಿಲ್ದಾಣ ಕಟ್ಟುವವರ ಕಸುಬಿಗೂ ತೆಂಗಿನ ಮರಕ್ಕೂ ಹಳೆಯ ಲೆಕ್ಕಾಚಾರವೊಂದಿದೆ.

ನಿಲ್ದಾಣ ಕಟ್ಟುವುದೆಂದರೆ ಗಾಜಿನ ಕಟ್ಟಡ ಎಬ್ಬಿಸುವುದೆಂದು ಬಹಳ ಮಂದಿ ತಿಳಿದಿದ್ದಾರೆ. ಯೋಜನೆಯ ಹೊಣೆ ಹೊತ್ತ ಎಂಜಿನಿಯರ್ ಮೊದಲು ಕಟ್ಟುವುದು ಕಣ್ಣಿಗೆ ಕಾಣದ ಒಂದು ಇಳಿಜಾರನ್ನು. ದೊಡ್ಡ ವಿಮಾನಗಳು ಇಳಿಯುವ ರನ್‌ವೇಯ ತುದಿಯಿಂದ 60 ಮೀಟರ್ ಆಚೆ ಈ ಇಳಿಜಾರು ಶುರುವಾಗಿ, ಪ್ರತಿ 100 ಮೀಟರಿಗೆ 2 ಮೀಟರಿನಂತೆ ಮೇಲೇರುತ್ತದೆ. ಅದನ್ನು ಮೀರಿ ಮರವಾಗಲಿ, ಮನೆಯಾಗಲಿ, ಗೋಪುರವಾಗಲಿ ತಲೆ ಎತ್ತಬಾರದು. ನಮ್ಮ ನಾಡ ತೆಂಗು 20 ಮೀಟರ್ ದಾಟಿ ಬೆಳೆಯುವ ಜಾತಿ. ಲೆಕ್ಕ ಹಾಕಿದರೆ, ಅಂಥ ಒಂದು ಮರ ನಿಲ್ಲಬೇಕಾದರೆ ರನ್‌ವೇಯ ತುದಿಯಿಂದ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಇರಬೇಕು. ಬದಿಗಳಿಗೂ ಹೀಗೇ ಒಂದು ಇಳಿಜಾರಿದೆ, ಅದು ಇನ್ನಷ್ಟು ಕಡಿದು. ಬೇಲಿಯ ಒಳಗಿನ ಜಮೀನು ಹೋಗುವುದು ಎಲ್ಲರಿಗೂ ಗೊತ್ತು. ಬೇಲಿಯ ಹೊರಗಿನ ತೋಟಕ್ಕೂ ಎತ್ತರದ ಮಿತಿ ಬೀಳುತ್ತದೆ ಎಂಬುದು ಸರ್ವೆ ನಡೆದ ಮೇಲೆ ಗೊತ್ತಾಗುವ ಸಂಗತಿ.

ಕರ್ನಾಟಕದಲ್ಲಿ ಈ ಕಸುಬು ಯುದ್ಧಕಾಲದ ಕೂಸು. ಮೈಸೂರು ಸಂಸ್ಥಾನದ ಬೆಂಬಲದಿಂದ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ತೆರೆದಾಗ, ಕಾರ್ಖಾನೆಯ ಜೊತೆಗೇ ವಿಮಾನ ಇಳಿಯುವ ನೆಲವೂ ಬೇಕಾಯಿತು. ಮೈಸೂರಿನ ಮಂಡಕಳ್ಳಿ, ಬೆಳಗಾವಿಯ ಸಾಂಬ್ರಾ ಕೂಡ ಅದೇ ದಶಕದವು. ಸಪಾಟು ಬಯಲು, ಒಂದಷ್ಟು ರೋಲರ್ ಇದ್ದರೆ ಆಗಿನ ವಿಮಾನಗಳಿಗೆ ಸಾಕಿತ್ತು.

ಸಪಾಟು ಬಯಲು ಇಲ್ಲದ ಕಡೆ ಕಷ್ಟ ಬೇರೆ. ಕರಾವಳಿಯಲ್ಲಿ ತಗ್ಗೆಲ್ಲ ಗದ್ದೆ, ತೋಟ, ಹೊಳೆ. ಹಾಗಾಗಿ ಮಂಗಳೂರಿನ ನಿಲ್ದಾಣ ಬಜ್ಪೆಯ ಗುಡ್ಡ ಹತ್ತಿತು. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಅಲ್ಲಿಗೆ ಬಂದಿಳಿದರು. ರನ್‌ವೇಯ ಉದ್ದ 1,615 ಮೀಟರ್. ಡಕೋಟಾಕ್ಕೆ ಅದು ಧಾರಾಳ. ಆಮೇಲೆ ಬಂದ ಜೆಟ್ ವಿಮಾನಗಳಿಗೆ ಇಕ್ಕಟ್ಟು. ಗುಡ್ಡದ ಮೇಲಿನ ರನ್‌ವೇಯನ್ನು ಹೊಲದ ಬದುವಿನಂತೆ ಮುಂದಕ್ಕೆ ಸರಿಸಲು ಬರುವುದಿಲ್ಲ. ತುದಿಯಲ್ಲಿ ಕಮರಿ ಇದೆ. ಕೊನೆಗೆ ಮಣ್ಣು ಕಡಿದು, ತುಂಬಿ, 2,450 ಮೀಟರಿನ ಎರಡನೇ ರನ್‌ವೇ ಮಾಡಿ 2006ರಲ್ಲಿ ತೆರೆದರು.

2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇದೇ ಹೊಸ ರನ್‌ವೇಯ ಕೊನೆ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ ಉಳಿದದ್ದು 8 ಮಂದಿ. ಇಳಿಯುವ ಕ್ರಮ ಸರಿಯಿಲ್ಲವೆಂದು ಗೊತ್ತಾದರೂ ಮತ್ತೆ ಮೇಲೇರದೆ ಮುಂದುವರಿದ ಪೈಲಟ್‌ನ ನಿರ್ಧಾರವೇ ನೇರ ಕಾರಣವೆಂದು ತನಿಖೆ ಹೇಳಿತು. ರನ್‌ವೇ ಕಟ್ಟಿದವರ ಮೇಲೆ ದೋಷ ಹೊರಿಸಲಿಲ್ಲ. ಆದರೆ ನಿಲ್ದಾಣ ಕಟ್ಟುವವರ ವಲಯದಲ್ಲಿ ಅಂದಿನಿಂದ ಒಂದು ಅಂಕಿ ಪದೇ ಪದೇ ಚರ್ಚೆಗೆ ಬರುತ್ತದೆ. ರನ್‌ವೇ ಮುಗಿದ ಮೇಲೆ ಬಿಡಬೇಕಾದ ಸುರಕ್ಷತಾ ಪಟ್ಟಿಗೆ ಅಂತಾರಾಷ್ಟ್ರೀಯ ನಿಯಮ ಕಡ್ಡಾಯ ಮಾಡಿರುವುದು 90 ಮೀಟರ್. ಸಾಧ್ಯವಾದರೆ ಒಳ್ಳೆಯದು ಎನ್ನುವುದು 240 ಮೀಟರ್. ಬಯಲಿನಲ್ಲಿ ಈ 150 ಮೀಟರಿನ ವ್ಯತ್ಯಾಸ ಒಂದೆರಡು ಹೊಲದ ಮಾತು. ಗುಡ್ಡದ ನೆತ್ತಿಯಲ್ಲಿ ಅದು ಇಡೀ ಯೋಜನೆಯನ್ನೇ ತಲೆಕೆಳಗು ಮಾಡುವಷ್ಟು ಮಣ್ಣು.

ಈ ನಡುವೆ ಕೆಲಸ ಮಾಡಿಸುವ ಯಜಮಾನರೂ ಬದಲಾಗುತ್ತಿದ್ದರು. 1972ರಲ್ಲಿ ದೊಡ್ಡ ನಿಲ್ದಾಣಗಳಿಗೆಂದು ಒಂದು ಪ್ರಾಧಿಕಾರ, 1986ರಲ್ಲಿ ಉಳಿದವಕ್ಕೆ ಮತ್ತೊಂದು, 1995ರ ಏಪ್ರಿಲ್ 1ರಂದು ಎರಡೂ ಸೇರಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ಎಂಬತ್ತರ ದಶಕದ ಆರಂಭದಲ್ಲಿ ನಾಗರಿಕ ವಿಮಾನಯಾನ ಇಲಾಖೆಗೆ ಸೇರಿದ ಕಿರಿಯ ಎಂಜಿನಿಯರ್ ಒಬ್ಬರು ಕುರ್ಚಿ ಬಿಟ್ಟೇಳದೆ ಎರಡು ಸಲ ಧಣಿಗಳನ್ನು ಬದಲಿಸಿದಂತಾಯಿತು! ಹೊಸ ಶತಮಾನದಲ್ಲಿ ಖಾಸಗಿ ಕಂಪನಿಗಳು ಬಂದವು. ಮಂಗಳೂರು ನಿಲ್ದಾಣವೇ 2020ರ ಅಕ್ಟೋಬರಿನಲ್ಲಿ ಅದಾನಿ ಸಮೂಹದ ಕೈಸೇರಿತು.

ಖಾಸಗಿಯವರ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ದೇವನಹಳ್ಳಿಯಲ್ಲಿ. ಬೆಂಗಳೂರಿಗೆ ಹೊಸ ನಿಲ್ದಾಣದ ಜಾಗ ಹುಡುಕಲು ಸಮಿತಿ ಕೂತದ್ದು 1991ರಲ್ಲಿ. 1995ರಲ್ಲಿ ಟಾಟಾ, ರೇಥಿಯಾನ್, ಸಿಂಗಪುರದ ಚಾಂಗಿ ಒಟ್ಟಾಗಿ ಮುಂದೆ ಬಂದು, 1998ರಲ್ಲಿ ಹಿಂದೆ ಸರಿದವು. ಕೊನೆಗೆ ಸೀಮೆನ್ಸ್, ಜ್ಯೂರಿಕ್ ವಿಮಾನ ನಿಲ್ದಾಣ, ಎಲ್ ಅಂಡ್ ಟಿ ಸೇರಿದ ಕೂಟ ಗಟ್ಟಿಯಾಗಿ ನಿಂತಿತು. ರಾಜ್ಯ ಸರ್ಕಾರದ ಹೂಡಿಕೆ ನಿಗಮಕ್ಕೂ ಪ್ರಾಧಿಕಾರಕ್ಕೂ ತಲಾ ಶೇ 13ರ ಪಾಲು. ಗುದ್ದಲಿ ಬಿದ್ದದ್ದು 2005ರ ಜುಲೈನಲ್ಲಿ. ಕಾಗದಪತ್ರಕ್ಕೆ ಹದಿನಾಲ್ಕು ವರ್ಷ, ಮಣ್ಣು ಸಿಮೆಂಟಿಗೆ ಮೂರು ವರ್ಷಕ್ಕಿಂತ ಕಡಿಮೆ. ನಿಲ್ದಾಣ ಕಟ್ಟುವವರ ಆಯುಷ್ಯ ಹೆಚ್ಚಾಗಿ ಎಲ್ಲಿ ಕಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕಂಪನಿಯ ಮುಖ್ಯಾಧಿಕಾರಿಯಾಗಿ ಜ್ಯೂರಿಕ್‌ನಿಂದ ಬಂದವರು ಆಲ್ಬರ್ಟ್ ಬ್ರನ್ನರ್. ಅವರ ತಂಡದ ಲೆಕ್ಕವನ್ನು ಬುಡಮೇಲು ಮಾಡಿದವರಲ್ಲಿ ತೆಂಗಿನ ಸೀಮೆಯವರೊಬ್ಬರು ಇದ್ದರು ಎಂಬುದು ಸ್ವಾರಸ್ಯದ ಸಂಗತಿ. ತಿಪಟೂರಿನ ನೆರೆಯ ಅರಸೀಕೆರೆ ತಾಲ್ಲೂಕಿನ ಜಾವಗಲ್ ಬಳಿ ತೆಂಗು, ರೇಷ್ಮೆ ಬೆಳೆಯುತ್ತಿದ್ದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಕಡಿಮೆ ದರದ ಟಿಕೆಟ್ ಮಾರಿದರು. ಅದುವರೆಗೆ ವಿಮಾನದ ಬಾಗಿಲು ಕಾಣದವರು ಸಾಲುಗಟ್ಟಿದರು. ಅವರ ಹಿಂದೆ ಬೇರೆ ಕಂಪನಿಗಳೂ ಬಂದವು. ಹಳೆಯ ಎಚ್‌ಎಎಲ್ ನಿಲ್ದಾಣ ಕಿಕ್ಕಿರಿಯಿತು. ದೇವನಹಳ್ಳಿಗೆ ಮೊದಲು ಹಾಕಿದ್ದ ನಕ್ಷೆ ವರ್ಷಕ್ಕೆ ಅರ್ಧ ಕೋಟಿಗಿಂತ ಕಡಿಮೆ ಪ್ರಯಾಣಿಕರದು. ಕಾಮಗಾರಿ ನಡೆಯುತ್ತಿರುವಾಗಲೇ ಅದನ್ನು ಬದಲಿಸಿ ಒಂದು ಕೋಟಿಯ ಮೇಲಕ್ಕೆ ಒಯ್ಯಬೇಕಾಯಿತು. ಮನೆಯ ತಳಪಾಯ ಹಾಕಿದ ಮೇಲೆ ಕೋಣೆಗಳ ಸಂಖ್ಯೆ ಇಮ್ಮಡಿ ಮಾಡಿದ ಹಾಗೆ. 2008ರ ಮಾರ್ಚ್‌ಗೆ ನಿಗದಿಯಾಗಿದ್ದ ಆರಂಭ ಮೇ ತಿಂಗಳಿಗೆ ಹೋಯಿತು.

ಅಷ್ಟಾದರೂ ಜಾಗ ಸಾಲಲಿಲ್ಲ. 2013ರಲ್ಲಿ ಟರ್ಮಿನಲ್ ಹಿಗ್ಗಿತು, 2019ರ ಡಿಸೆಂಬರಿನಲ್ಲಿ ಎರಡನೇ ರನ್‌ವೇ, 2022ರ ನವೆಂಬರಿನಲ್ಲಿ ಎರಡನೇ ಟರ್ಮಿನಲ್. ವಿಸ್ತರಣೆ ಹೊಸದಾಗಿ ಕಟ್ಟುವುದಕ್ಕಿಂತ ಕಷ್ಟದ ಕೆಲಸ. ಅಂಗಡಿಯಾದರೆ ಒಂದು ತಿಂಗಳು ಬಾಗಿಲು ಹಾಕಿ ರಿಪೇರಿ ಮಾಡಿಸಬಹುದು. ಇಲ್ಲಿ ವಿಮಾನ ಏರುತ್ತಿಳಿಯುತ್ತಿರುವಾಗಲೇ, ರಾತ್ರಿಯ ಬಿಡುವಿನಲ್ಲಿ, ಒಂದು ಜಲ್ಲಿಕಲ್ಲೂ ರನ್‌ವೇ ಮೇಲೆ ಉಳಿಯದಂತೆ ಗುಡಿಸಿ ಹೊರಡಬೇಕು. ಜೆಟ್ ಎಂಜಿನ್ ಕಲ್ಲನ್ನು ಎಳೆದುಕೊಂಡರೆ ಅನಾಹುತ. 2024-25ರಲ್ಲಿ ಇಲ್ಲಿನ ಪ್ರಯಾಣಿಕರ ಸಂಖ್ಯೆ ನಾಲ್ಕು ಕೋಟಿ ದಾಟಿತು.

ಖಾಸಗಿಯವರು ಹೋದ ಕಡೆಯಲ್ಲೆಲ್ಲ ಹೀಗಾಯಿತೆಂದಲ್ಲ. ಕಲಬುರಗಿ, ಶಿವಮೊಗ್ಗ ನಿಲ್ದಾಣಗಳನ್ನು ಖಾಸಗಿ ಕಂಪನಿಗೆ ವಹಿಸಿ, ಕೆಲಸ ಕುಂಟಿ, 2015ರಲ್ಲಿ ಕರಾರು ರದ್ದಾಯಿತು. ಮುಗಿಸಿಕೊಟ್ಟದ್ದು ರಸ್ತೆ ಸೇತುವೆ ಕಟ್ಟುವ ಲೋಕೋಪಯೋಗಿ ಇಲಾಖೆ. ಕಲಬುರಗಿ 2019ರ ನವೆಂಬರಿನಲ್ಲಿ ತೆರೆಯಿತು. ಶಿವಮೊಗ್ಗದ ಸೋಗಾನೆಯಲ್ಲಿ 3,200 ಮೀಟರ್ ರನ್‌ವೇಯೊಂದಿಗೆ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು. ಸೋಗಾನೆ ವೃತ್ತದ ಆಚೆಗಿದೆ.

ವೃತ್ತದ ಒಳಗಿನ ಕಥೆ ಜಮೀನಿನದು. ನಿಲ್ದಾಣ ತನ್ನ ಸುತ್ತ ಇನ್ನಷ್ಟು ನೆಲ ಕೇಳುತ್ತದೆ. ವೈಮಾನಿಕ ಕೈಗಾರಿಕಾ ಪ್ರದೇಶಕ್ಕೆಂದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಗುರುತಿಸಿದಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿರುವುದಾಗಿ ಘೋಷಿಸಿದರು.

ತೆಂಗಿನ ಸೀಮೆಯಲ್ಲಿ ಈ ಪ್ರಶ್ನೆ ಇನ್ನೂ ಗಡುಸಾಗುತ್ತದೆ. 2014ರ ಜನವರಿಯಿಂದ ಜಾರಿಯಲ್ಲಿರುವ ಭೂಸ್ವಾಧೀನ ಕಾಯ್ದೆಯಲ್ಲಿ ಮರಗಳಿಗೆ ಪ್ರತ್ಯೇಕ ಬೆಲೆ ಕಟ್ಟಬೇಕೆಂದಿದೆ. ತೋಟಗಾರಿಕೆ ತಜ್ಞರ ನೆರವು ಪಡೆಯಬಹುದೆಂದೂ ಇದೆ. ಆದರೆ ರಾಗಿ ಹೊಲ ಕಳೆದುಕೊಂಡವನು ಬೇರೆ ಕಡೆ ನೆಲ ಸಿಕ್ಕರೆ ಮುಂದಿನ ಮಳೆಗೇ ಬಿತ್ತಬಹುದು. ನಾಡ ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಆಮೇಲೆ ಅದು ಅರವತ್ತು ವರ್ಷ ಕಾಯಿ ಕೊಡುತ್ತದೆ. ತಾತ ನೆಟ್ಟ ಮರವನ್ನು ಮೊಮ್ಮಗ ಕೀಳುವ ಲೆಕ್ಕವನ್ನು ಯಾವ ದರಪಟ್ಟಿಯೂ ಪೂರ್ತಿ ಹಿಡಿಯಲಾರದು.

ಬೆಂಗಳೂರಿನ ಎರಡನೇ ನಿಲ್ದಾಣಕ್ಕೆ ರಾಜ್ಯ ಸರ್ಕಾರ ಸೂಚಿಸಿದ ಮೂರು ಜಾಗಗಳನ್ನು ಪ್ರಾಧಿಕಾರದ ತಂಡ 2025ರ ಏಪ್ರಿಲ್‌ನಲ್ಲಿ ನೋಡಿಹೋಯಿತು. ಎರಡು ಕನಕಪುರ ರಸ್ತೆಯವು. ಮೂರನೆಯದು ನೆಲಮಂಗಲ-ಕುಣಿಗಲ್ ರಸ್ತೆಯದು. ಆ ರಸ್ತೆ ಹಿಡಿದು ಹೋದರೆ ಕುಣಿಗಲ್; ಅದರ ತಾಲ್ಲೂಕಿನ ಗಡಿಯ ಆಚೆ ತುರುವೇಕೆರೆಯ ತೆಂಗಿನ ಸಾಲು ಶುರುವಾಗುತ್ತದೆ.