ಮಗು ಮಾತು ಕಲಿಯುವುದು ತಡವಾದರೆ: ಗುರುತಿಸುವುದು ಹೇಗೆ, ಹೋಗುವುದು ಎಲ್ಲಿಗೆ?

ಕೊಡಚಾದ್ರಿಯ ತಪ್ಪಲಿನಲ್ಲಿ, ಸೌಪರ್ಣಿಕಾ ನದಿಯ ದಡದಲ್ಲಿರುವ ಕೊಲ್ಲೂರಿಗೂ ಮಾತಿಗೂ ಹಳೆಯ ನಂಟು. ವರ ಬೇಡಲು ಹೊರಟ ಅಸುರನ ಮಾತನ್ನು ದೇವಿ ಕಟ್ಟಿದಳು, ಆತ ಮೂಕಾಸುರನಾದ, ಅವನನ್ನು ಸಂಹರಿಸಿದ ತಾಯಿ ಮೂಕಾಂಬಿಕೆಯಾದಳು ಎಂಬುದು ಕ್ಷೇತ್ರದ ಪುರಾಣ. ವಿಜಯದಶಮಿಯಂದು ಮಕ್ಕಳಿಗೆ ವಿದ್ಯಾರಂಭ ಮಾಡಿಸಲು ಕರ್ನಾಟಕ, ಕೇರಳಗಳಿಂದ ಅಸಂಖ್ಯ ಕುಟುಂಬಗಳು ಇಲ್ಲಿಗೆ ಬರುತ್ತವೆ. ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಯುವ ವೇಳೆಗೆ ಮಗುವಿಗೆ ಸಾಮಾನ್ಯವಾಗಿ ಎರಡು ವರ್ಷ ತುಂಬಿರುತ್ತದೆ. ಎಷ್ಟೋ ಮಕ್ಕಳಿಗೆ ಮೂರೂ ದಾಟಿರುತ್ತದೆ.

ಆ ವೇಳೆಗೂ ಮಾತು ಬಾರದ ಮಗುವಿಗಾಗಿ ಹರಕೆ ಹೊರುವುದು ಅವರವರ ನಂಬಿಕೆಗೆ ಸೇರಿದ ವಿಚಾರ. ಆದರೆ ಅಕ್ಷರಾಭ್ಯಾಸದ ವಯಸ್ಸಿನವರೆಗೆ ಮುಂದೂಡಲಾಗದ ಕೆಲಸ ಒಂದಿದೆ. ಅದು ಮಗುವಿನ ಕಿವಿಯ ಪರೀಕ್ಷೆ. ಮೆದುಳು ಭಾಷೆಯನ್ನು ಅತ್ಯಂತ ಸುಲಭವಾಗಿ ಗ್ರಹಿಸುವುದು ಮೊದಲ ಮೂರು ವರ್ಷಗಳಲ್ಲಿ. ಕಾಯುತ್ತಾ ಕುಳಿತರೆ ಕಳೆದುಹೋಗುವುದು ಅದೇ ಕಾಲ.

ಮಾತು ಬರುವ ಹಾದಿ

ಮೊದಲ ಪದಕ್ಕಿಂತ ಬಹಳ ಮುಂಚೆಯೇ ಮಾತಿನ ಸಿದ್ಧತೆ ಆರಂಭವಾಗುತ್ತದೆ. ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಆದರೂ ಕೆಳಗಿನ ಹಂತಗಳನ್ನು ಪಾಲಕರು ತಿಳಿದಿರುವುದು ಒಳ್ಳೆಯದು.

- 3 ತಿಂಗಳು: ದೊಡ್ಡ ಸದ್ದಿಗೆ ಬೆಚ್ಚುತ್ತದೆ, ತಾಯಿಯ ದನಿಗೆ ಶಾಂತವಾಗುತ್ತದೆ, 'ಊ', 'ಆ' ಎಂದು ಸ್ವರ ಹೊರಡಿಸುತ್ತದೆ.
- 6ರಿಂದ 9 ತಿಂಗಳು: ಸದ್ದು ಬಂದತ್ತ ತಿರುಗುತ್ತದೆ, 'ಬಬಬ', 'ಮಮಮ' ಎಂದು ತೊದಲುತ್ತದೆ.
- 12 ತಿಂಗಳು: ಹೆಸರು ಹಿಡಿದು ಕರೆದರೆ ನೋಡುತ್ತದೆ, ಟಾಟಾ ಮಾಡುತ್ತದೆ, ಬೇಕಾದ್ದಕ್ಕೆ ಕೈಚಾಚುತ್ತದೆ. ಮೊದಲ ಪದ ಈ ಸುಮಾರಿಗೆ ಬರುತ್ತದೆ.
- 18 ತಿಂಗಳು: 'ಅಮ್ಮ', 'ಅಪ್ಪ'ಗಳಲ್ಲದೆ ಇನ್ನೂ ಕೆಲವು ಪದಗಳನ್ನಾಡುತ್ತದೆ. ಸನ್ನೆಯಿಲ್ಲದೆ ಹೇಳಿದ ಸರಳ ಮಾತನ್ನು ಪಾಲಿಸುತ್ತದೆ.
- 2 ವರ್ಷ: ಸುಮಾರು 50 ಪದಗಳು; 'ಹಾಲು ಬೇಕು', 'ಅಜ್ಜಿ ಬಾ' ಎಂಬಂತೆ ಎರಡು ಪದ ಜೋಡಿಸುತ್ತದೆ.
- 3 ವರ್ಷ: ಪುಟ್ಟ ವಾಕ್ಯಗಳನ್ನಾಡುತ್ತದೆ. ಮನೆಗೆ ಬಂದ ಹೊರಗಿನವರಿಗೂ ಅದರ ಮಾತು ಬಹುಪಾಲು ಅರ್ಥವಾಗುತ್ತದೆ.

ಎರಡೂವರೆ ವರ್ಷದ ಮಗು 'ಕಾಲು' ಎನ್ನಲು 'ತಾಲು' ಎಂದರೆ, 'ರ'ಕಾರದ ಬದಲು 'ಲ'ಕಾರ ನುಡಿದರೆ ಗಾಬರಿ ಬೇಡ. ಉಚ್ಚಾರ ತಿದ್ದಿಕೊಳ್ಳಲು ಇನ್ನೂ ಸಮಯವಿದೆ. ಗಮನಿಸಬೇಕಾದ್ದು ಪದಗಳ ಸಂಖ್ಯೆ, ಪದಗಳ ಜೋಡಣೆ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮಗುವಿನ ಗ್ರಹಿಕೆ.

ಕಾಯಬಾರದ ಸೂಚನೆಗಳು

ಈ ಮುಂದಿನ ಯಾವುದಾದರೂ ಒಂದು ಕಂಡುಬಂದರೂ ವೈದ್ಯರನ್ನು ಕಾಣುವುದು ಅಗತ್ಯ: ಒಂದು ವರ್ಷವಾದರೂ ತೊದಲುನುಡಿ ಇಲ್ಲದಿರುವುದು, ಬೆರಳು ತೋರಿಸುವುದು, ಕೈಬೀಸುವುದು ಮುಂತಾದ ಸನ್ನೆಗಳಿಲ್ಲದಿರುವುದು, 16 ತಿಂಗಳಾದರೂ ಒಂದು ಪದವೂ ಬಾರದಿರುವುದು, ಎರಡು ವರ್ಷವಾದರೂ ಸ್ವಂತವಾಗಿ ಎರಡು ಪದ ಜೋಡಿಸದಿರುವುದು, ಕರೆದರೆ ಓಗೊಡದಿರುವುದು, ಕಣ್ಣಿಗೆ ಕಣ್ಣು ಸೇರಿಸದಿರುವುದು. ಬಂದಿದ್ದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ ಒಂದು ವಾರವೂ ತಡಮಾಡಬಾರದು.

ಎರಡು ವರ್ಷದ ಮಕ್ಕಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮಂದಿ ಮಾತಿನಲ್ಲಿ ಹಿಂದಿರುತ್ತಾರೆ. ಅವರಲ್ಲಿ ಹಲವರು ತಾವಾಗಿಯೇ ಸರಿಹೋಗುತ್ತಾರೆ ಎಂಬುದೂ ನಿಜ. ಆದರೆ ಸರಿಹೋಗುವ ಮಗು ಯಾವುದು, ಹಿಂದುಳಿಯುವ ಮಗು ಯಾವುದು ಎಂದು ಮನೆಯಲ್ಲಿ ಕುಳಿತು ಹೇಳಲಾಗದು. ಆದ್ದರಿಂದಲೇ ಪರೀಕ್ಷೆ ಬೇಕು.

ಮೊದಲು ಕಿವಿ

ಮಾತು ತಡವಾಗಲು ಕಾರಣಗಳು ಹಲವು: ಶ್ರವಣದೋಷ, ಒಟ್ಟು ಬೆಳವಣಿಗೆಯಲ್ಲಿ ಕುಂಠಿತ, ಆಟಿಸಂ, ಸೀಳುಅಂಗುಳ, ಕೆಲವೊಮ್ಮೆ ಭಾಷೆಯೊಂದರಲ್ಲೇ ತೊಡಕು. ಇವುಗಳಲ್ಲಿ ಮೊದಲು ಪರೀಕ್ಷಿಸಬೇಕಾದ್ದು ಕಿವಿ. ಕೇಳಿಸದ ಭಾಷೆಯನ್ನು ಮಗು ಆಡಿ ಕಲಿಯುವುದು ಸಾಧ್ಯವಿಲ್ಲ.

ಇಲ್ಲಿ ಪಾಲಕರು ಮೋಸಹೋಗುವುದು ಎರಡು ಕಡೆ. ಕಿವಿ ಕೇಳದ ಶಿಶುವೂ ಮೊದಲ ತಿಂಗಳುಗಳಲ್ಲಿ ಉಳಿದ ಮಕ್ಕಳಂತೆಯೇ ಸ್ವರ ಹೊರಡಿಸುತ್ತದೆ. ಅದರ ತೊದಲುನುಡಿ ಮುಂದುವರಿಯದೆ ಕ್ಷೀಣಿಸುವುದು ಅನಂತರ. ಇನ್ನು ತಟ್ಟೆ ಬೀಳಿಸಿ, ಚಪ್ಪಾಳೆ ತಟ್ಟಿ ಮಾಡುವ ಮನೆಯ ಪರೀಕ್ಷೆಯೂ ಸಾಲದು. ಮಗು ನೆಲದ ಕಂಪನಕ್ಕೋ ಕೈಯ ನೆರಳಿಗೋ ತಿರುಗಿರಬಹುದು. ಭಾಗಶಃ ಶ್ರವಣದೋಷವಿರುವ ಮಗುವಿಗೆ ಬಾಗಿಲು ಬಡಿದ ಸದ್ದು ಕೇಳಿಸಿ, 'ಸ', 'ಶ'ದಂತಹ ಮೆಲುದನಿಗಳು ಕೇಳಿಸದೆ ಹೋಗಬಹುದು. ಮೇಲಿಂದ ಮೇಲೆ ಕಿವಿ ಸೋರುವ ಮಕ್ಕಳಲ್ಲೂ ಹೀಗಾಗುವುದುಂಟು.

ಓ.ಎ.ಇ. ಮತ್ತು ಬೆರಾ ಎಂಬ ಪರೀಕ್ಷೆಗಳನ್ನು ಮಲಗಿದ ಶಿಶುವಿಗೂ ನೋವಿಲ್ಲದೆ ಮಾಡಬಹುದು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಒಪ್ಪಿರುವ ಕ್ರಮ. ಅವಧಿಗೆ ಮುನ್ನ ಹುಟ್ಟಿದ, ತೀವ್ರ ನಿಗಾ ಘಟಕದಲ್ಲಿದ್ದ, ತೀವ್ರ ಕಾಮಾಲೆ ಅಥವಾ ಮೆದುಳು ಪೊರೆಯ ಉರಿಯೂತ ಬಂದಿದ್ದ ಮಕ್ಕಳಿಗೆ, ಮನೆತನದಲ್ಲಿ ಕಿವುಡುತನವಿದ್ದರೆ ಅಥವಾ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರೆ, ಈ ಪರೀಕ್ಷೆಯನ್ನು ತಪ್ಪಿಸಲೇಬಾರದು.

ಮನೆಯ ಭಾಷೆ ಅಡ್ಡಿಯಲ್ಲ

ಕೊಲ್ಲೂರು, ಬೈಂದೂರು, ಬ್ರಹ್ಮಾವರದ ಸುತ್ತ ಮಗುವಿನ ಕಿವಿಗೆ ಹಲವು ನುಡಿಗಳು ಬೀಳುತ್ತವೆ. ಮನೆಯಲ್ಲಿ ಕುಂದಾಪ್ರ ಕನ್ನಡ, ನೆರೆಮನೆಯಲ್ಲಿ ಕೊಂಕಣಿ ಅಥವಾ ತುಳು, ಶಿಶುವಿಹಾರದಲ್ಲಿ ಇಂಗ್ಲಿಷ್. ಭಾಷೆ ಹೆಚ್ಚಾದ್ದರಿಂದ ಮಾತು ತಡವಾಯಿತು ಎಂಬ ಅಭಿಪ್ರಾಯಕ್ಕೆ ಆಧಾರವಿಲ್ಲ. ಪದಗಳನ್ನು ಎಣಿಸುವಾಗ ಎಲ್ಲ ನುಡಿಗಳ ಪದಗಳನ್ನೂ ಸೇರಿಸಿ ಎಣಿಸಬೇಕು. 'ಹಾಲ್ ಬೇಕ್' ಎಂದರೂ ಅದು ಎರಡು ಪದಗಳ ಜೋಡಣೆಯೇ. ನಗರಕ್ಕೆ ವಲಸೆ ಹೋದ ಕುಟುಂಬಗಳು ಮಗುವಿನ ಮಾತಿಗೆಂದು ಮನೆಮಾತನ್ನು ಬಿಟ್ಟು ಅರೆಬರೆ ಇಂಗ್ಲಿಷಿಗೆ ತಿರುಗುವುದರಿಂದ ಲಾಭವಿಲ್ಲ. ಅಜ್ಜ ಅಜ್ಜಿಯರೊಂದಿಗಿನ ಸಂಭಾಷಣೆ ಕಡಿಮೆಯಾಗುವ ನಷ್ಟ ಮಾತ್ರ ಉಳಿಯುತ್ತದೆ.

ಕೆಲವು ತಪ್ಪು ತಿಳಿವಳಿಕೆಗಳು

'ಗಂಡುಮಕ್ಕಳಿಗೆ ಮಾತು ತಡ', 'ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು' ಎಂಬ ಸಮಾಧಾನ ಪ್ರತಿ ಮನೆಯಲ್ಲೂ ಸಿಗುತ್ತದೆ. ಗಂಡುಮಕ್ಕಳು ಸರಾಸರಿಯಲ್ಲಿ ತುಸು ಹಿಂದಿರಬಹುದು. ಆದರೆ ಮೇಲೆ ಹೇಳಿದ ಸೂಚನೆಗಳು ಗಂಡು ಹೆಣ್ಣೆಂಬ ಭೇದವಿಲ್ಲದೆ ಅನ್ವಯಿಸುತ್ತವೆ.

ಬಜೆಯನ್ನು ಜೇನಿನಲ್ಲಿ ತೇಯ್ದು ನಾಲಿಗೆಗೆ ನೆಕ್ಕಿಸುವ ರೂಢಿಯೂ ಇದೆ. ಇದು ಕಿವಿಯ ದೋಷವನ್ನಾಗಲಿ ಬೆಳವಣಿಗೆಯ ತೊಡಕನ್ನಾಗಲಿ ಸರಿಪಡಿಸದು. ಒಂದು ವರ್ಷದೊಳಗಿನ ಶಿಶುವಿಗೆ ಜೇನು ಕೊಡಲೇಬಾರದು. ಅದರಿಂದ ಬೊಟುಲಿಸಂ ಎಂಬ ಗಂಭೀರ ಕಾಯಿಲೆ ಬರುವ ಅಪಾಯವಿದೆ.

ಎಲ್ಲಿಗೆ ಹೋಗಬೇಕು?

ಮೊದಲ ಅವಕಾಶ ಲಸಿಕೆಯ ದಿನ. ದಡಾರ-ರುಬೆಲ್ಲಾ ಲಸಿಕೆಯನ್ನು 9ನೇ ತಿಂಗಳು ತುಂಬಿದ ಮೇಲೆ ಒಮ್ಮೆ, 16ರಿಂದ 24 ತಿಂಗಳೊಳಗೆ ಮತ್ತೊಮ್ಮೆ ಹಾಕುತ್ತಾರೆ. ಆ ಎರಡೂ ಭೇಟಿಗಳಲ್ಲಿ ಮಾತಿನ ಬಗ್ಗೆ ಕೇಳುವುದನ್ನು ಮರೆಯಬಾರದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಶ್ರವಣದೋಷ ಮತ್ತು ಭಾಷಾ ವಿಳಂಬ ಎರಡೂ ಅದರ ಪಟ್ಟಿಯಲ್ಲಿವೆ. ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕೆಂಬುದು ನಿಯಮ. ಅಂದು ಮಗುವನ್ನು ತಪ್ಪದೆ ಕರೆದೊಯ್ಯಬೇಕು.

ಕೊಲ್ಲೂರಿನಿಂದ ಕುಂದಾಪುರ ಸುಮಾರು 40 ಕಿ.ಮೀ. ಅಲ್ಲಿಂದ ಮುಂದೆ ಉಡುಪಿಯ ಜಿಲ್ಲಾಸ್ಪತ್ರೆಯಿದೆ, ವಾಕ್-ಶ್ರವಣ ವಿಭಾಗವಿರುವ ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಪ್ರಮುಖವಾದುದು. ಅಲ್ಲಿನ ಪ್ರೀಸ್ಕೂಲ್ ವಿಭಾಗದಲ್ಲಿ ಮಗುವಿನೊಂದಿಗೆ ತಾಯಿಯೂ ತರಗತಿಯಲ್ಲಿ ಕುಳಿತು ಕಲಿಯುತ್ತಾಳೆ. ಚಿಕಿತ್ಸೆಯ ದೊಡ್ಡ ಪಾಲು ನಡೆಯುವುದು ಮನೆಯಲ್ಲೇ ಎಂಬುದು ಇದರ ಹಿಂದಿನ ತತ್ತ್ವ.

ಶ್ರವಣದೋಷ ಕಂಡುಬಂದರೆ ಶ್ರವಣಸಾಧನವುಂಟು. ಅದರಿಂದ ಪ್ರಯೋಜನವಾಗದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯುಂಟು. ಅರ್ಹ ಕುಟುಂಬಗಳಿಗೆ ಸರ್ಕಾರದ ನೆರವೂ ದೊರೆಯುತ್ತದೆ. ಆದರೆ ಹುಟ್ಟಿನಿಂದ ಕೇಳದ ಮಗುವಿಗೆ ಇದು ಫಲಿಸುವುದು ಎಳೆಯ ವಯಸ್ಸಿನಲ್ಲಿ ಮಾಡಿದಾಗ.

ಮನೆಯಲ್ಲಿ ಮಾಡಬಹುದಾದ್ದು

ಪರೀಕ್ಷೆಯ ಸರದಿ ಬರುವವರೆಗೂ ಮಗುವಿನೊಂದಿಗೆ ಮಾತು ನಿಲ್ಲಬಾರದು. ಸ್ನಾನ ಮಾಡಿಸುವಾಗ, ಗಂಜಿ ಉಣಿಸುವಾಗ, ಅಂಗಳದ ಕರುವನ್ನು ತೋರಿಸುವಾಗ ಮುಖಕ್ಕೆ ಮುಖಕೊಟ್ಟು ಚಿಕ್ಕ ಚಿಕ್ಕ ಮಾತು ಆಡಬೇಕು. ಮಗು 'ಬಸ್' ಎಂದರೆ 'ಹೌದು, ಕೆಂಪು ಬಸ್ ಬಂತು' ಎಂದು ಒಂದೆರಡು ಪದ ಸೇರಿಸಿ ಹಿಂತಿರುಗಿಸಬೇಕು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಸ್ವಲ್ಪ ಕಾಯಬೇಕು. ಮೊಬೈಲ್, ಟಿ.ವಿ.ಗಳು ಮಾತು ಕಲಿಸುವುದಿಲ್ಲ. ಎರಡು ವರ್ಷದೊಳಗೆ ಪರದೆ ಬೇಡ, ಅನಂತರವೂ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆಯ ಸಾರ.

ತಪಾಸಣೆಯಲ್ಲಿ ಏನೂ ಕಂಡುಬರದಿದ್ದರೆ ಕಳೆದುಕೊಂಡದ್ದು ಒಂದು ದಿನದ ಓಡಾಟ ಮಾತ್ರ. ದೋಷವಿದ್ದು ತಪಾಸಣೆ ಆಗದಿದ್ದರೆ ಕಳೆದುಹೋಗುವ ವರ್ಷಗಳನ್ನು ಮರಳಿ ತರಲಾಗದು. ಅಮ್ಮನವರ ಸನ್ನಿಧಿಗೆ ಹರಕೆ ಸಲ್ಲಿಸಲು ಹೋಗುವವರು ಹೋಗಲಿ. ಅದಕ್ಕೆ ಮುನ್ನವೇ ಮಗುವಿನ ಕಿವಿ ಪರೀಕ್ಷೆ ಆಗಿರಲಿ.