ಮೂತ್ರ ಪರೀಕ್ಷೆ ನಡೆದು ಬಂದ ದಾರಿ

ಮೂತ್ರ ನೋಡಿ ರೋಗ ಹೇಳುವ ಪದ್ಧತಿ ಬಹಳ ಪುರಾತನವಾದದ್ದು. ಮೂತ್ರವನ್ನು ಕಾಯಿಸಿ, ಆಮ್ಲ ಬೆರೆಸಿ, ಲವಣ ಹಾಕಿ ಅದರಲ್ಲಿ ಏನು ಸೇರಿದೆ ಎಂದು ಪತ್ತೆ ಮಾಡುವ ಕ್ರಮಕ್ಕೆ ಮಾತ್ರ ಮುನ್ನೂರು ಚಿಲ್ಲರೆ ವರ್ಷದ ವಯಸ್ಸು. ಹಳೆಯ ಪದ್ಧತಿಯಲ್ಲಿ ವೈದ್ಯನ ಕಣ್ಣು, ಮೂಗು ಮತ್ತು ಅನುಭವವೇ ಪ್ರಮಾಣ. ಹೊಸದರಲ್ಲಿ ಫಲಿತಾಂಶ ಎಲ್ಲರ ಕಣ್ಣಿಗೂ ಕಾಣುತ್ತದೆ. ಅನುಮಾನವಿದ್ದವರು ಮತ್ತೊಮ್ಮೆ ಮಾಡಿ ನೋಡಬಹುದು. ಈ ಒಂದು ಗುಣದ ಬಲದಿಂದಲೇ ಮೂತ್ರ ಪರೀಕ್ಷೆ ಆಸ್ಪತ್ರೆಯನ್ನು ದಾಟಿ ಮನೆಗೆ, ಕಚೇರಿಗೆ, ಕ್ರೀಡಾಂಗಣಕ್ಕೆ, ಕೊನೆಗೆ ನ್ಯಾಯಾಲಯಕ್ಕೂ ಬಂತು.

ಆಯುರ್ವೇದದಲ್ಲಿ ಮೂತ್ರದ ವಿಚಾರ ವಿವರವಾಗಿಯೇ ಇದೆ. ಚರಕ ಮತ್ತು ಸುಶ್ರುತ ಸಂಹಿತೆಗಳು ಪ್ರಮೇಹವೆಂಬ ಮೂತ್ರವ್ಯಾಧಿಯನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸುತ್ತವೆ: ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು. ಕಬ್ಬಿನ ಹಾಲಿನಂಥ ಮೂತ್ರಕ್ಕೆ ಇಕ್ಷುಮೇಹವೆಂದೂ ಜೇನಿನಂಥದಕ್ಕೆ ಮಧುಮೇಹವೆಂದೂ ಹೆಸರು. ಇಂಥ ಮೂತ್ರಕ್ಕೆ ಇರುವೆ ಮುತ್ತುವುದನ್ನೂ ಹಳಬರು ಗಮನಿಸಿದ್ದರು. ಮುಂದಿನ ಕಾಲದ ಗ್ರಂಥಗಳಲ್ಲಿ ಮೂತ್ರದ ಮೇಲೆ ಎಳ್ಳೆಣ್ಣೆಯ ಹನಿ ಬಿಟ್ಟು, ಅದು ಹರಡುವ ರೀತಿಯನ್ನು ನೋಡುವ ತೈಲಬಿಂದು ಪರೀಕ್ಷೆ ಬರುತ್ತದೆ. ಮಧ್ಯಯುಗದ ಯುರೋಪಿನಲ್ಲಂತೂ ಮೂತ್ರ ತುಂಬಿದ ಗಾಜಿನ ಬುರುಡೆಯೇ ವೈದ್ಯನ ಗುರುತಾಗಿತ್ತು. ಇಪ್ಪತ್ತು ಬಣ್ಣಗಳನ್ನು ವೃತ್ತಾಕಾರದಲ್ಲಿ ಬರೆದ ಪಟಗಳಿದ್ದವು. ಬುರುಡೆಯನ್ನು ಬೆಳಕಿಗೆ ಹಿಡಿದು ಬಣ್ಣ ಹೋಲಿಸಿ ರೋಗ ಹೇಳುತ್ತಿದ್ದರು. ಬರಬರುತ್ತ ರೋಗಿಯ ಮುಖವನ್ನೇ ನೋಡದೆ, ಯಾರೋ ತಂದುಕೊಟ್ಟ ಬುರುಡೆ ನೋಡಿ ಭವಿಷ್ಯ ಹೇಳುವವರು ಹೆಚ್ಚಿದರು. 1637ರಲ್ಲಿ ಇಂಗ್ಲೆಂಡಿನ ಥಾಮಸ್ ಬ್ರಯನ್ ಇಂಥ ಮೂತ್ರಜೋಯಿಸರನ್ನು ಬಯಲಿಗೆಳೆಯಲೆಂದೇ ಒಂದು ಪುಸ್ತಕ ಬರೆದ.

ರಾಸಾಯನಿಕ ಪರೀಕ್ಷೆಯ ಮೊದಲ ಹೆಜ್ಜೆ ಬೆಂಕಿಯ ಮೇಲೆ ನಡೆಯಿತು. 1694ರಲ್ಲಿ ಹಾಲೆಂಡಿನ ಫ್ರೆಡರಿಕ್ ಡೆಕರ್ಸ್, ಕೆಲವು ರೋಗಿಗಳ ಮೂತ್ರವನ್ನು ಕಾಯಿಸಿ ಹುಳಿ ಬೆರೆಸಿದರೆ ಅದು ಗರಣೆಗಟ್ಟುತ್ತದೆ ಎಂದು ದಾಖಲಿಸಿದ. 1760ರ ದಶಕದಲ್ಲಿ ಇಟಲಿಯ ಡೊಮೆನಿಕೊ ಕೊಟುನ್ಯೊ, ಮೈ ಊದಿಕೊಂಡಿದ್ದ ರೋಗಿಯ ಮೂತ್ರ ಬೇಯಿಸಿದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾದದ್ದನ್ನು ಕಂಡ. ಅದು ಬರಿಯ ಹೋಲಿಕೆಯಲ್ಲ, ಎರಡರಲ್ಲೂ ಇರುವುದು ಕಾಯಿಸಿದರೆ ಗಟ್ಟಿಯಾಗುವ ಪ್ರೋಟೀನ್; ಮೂತ್ರದಲ್ಲಿ ಸೋರುವುದು ಮುಖ್ಯವಾಗಿ ಅಲ್ಬುಮಿನ್. ಆದರೆ ಈ ಪ್ರೋಟೀನ್ ಎಲ್ಲಿಂದ ಸೋರುತ್ತಿದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1827ರಲ್ಲಿ. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಮೈಯೂತದ ರೋಗಿಗಳ ಮೂತ್ರವನ್ನು ಚಮಚದಲ್ಲಿ ತೆಗೆದು ಮೇಣದ ಬತ್ತಿಯ ಮೇಲೆ ಹಿಡಿಯುತ್ತಿದ್ದರು. ಮೂತ್ರ ಹೆಪ್ಪುಗಟ್ಟಿದ ರೋಗಿಗಳು ಸತ್ತ ಮೇಲೆ ಶವಪರೀಕ್ಷೆ ಮಾಡಿ ನೋಡಿದರೆ ಮೂತ್ರಪಿಂಡಗಳೇ ಕೆಟ್ಟಿರುತ್ತಿದ್ದವು. ಊತ, ಮೂತ್ರದ ಪ್ರೋಟೀನ್, ಮೂತ್ರಪಿಂಡದ ಹಾನಿ ಎಂಬ ಮೂರನ್ನೂ ಒಂದೇ ರೋಗದ ಕೊಂಡಿಗಳಾಗಿ ಜೋಡಿಸಿದ್ದು ಅವರ ಸಾಧನೆ. ಒಂದು ಚಮಚ, ಒಂದು ಬತ್ತಿ ಬಿಟ್ಟರೆ ಬೇರೆ ಉಪಕರಣವಿಲ್ಲದೆ ದೇಹದೊಳಗಿನ ಅಂಗದ ಸ್ಥಿತಿಯನ್ನು ಜೀವಂತ ರೋಗಿಯಲ್ಲೇ ತಿಳಿಯಬಹುದೆಂದು ಇದರಿಂದ ಸಾಬೀತಾಯಿತು. ವೈದ್ಯಕೀಯದ ಚರಿತ್ರೆಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ತಿಳಿವು ಸಿಕ್ಕ ಸಂದರ್ಭಗಳು ವಿರಳ.

1845ರಲ್ಲಿ ಇದೇ ಲಂಡನ್ನಿನಲ್ಲಿ ಹೆನ್ರಿ ಬೆನ್ಸ್ ಜೋನ್ಸ್ ಎಂಬ ರಸಾಯನ ಬಲ್ಲ ವೈದ್ಯರ ಬಳಿಗೆ ವಿಚಿತ್ರವಾದ ಒಂದು ಮಾದರಿ ಬಂತು. ಮೂಳೆ ಮೆತ್ತಗಾಗುವ ಕಾಯಿಲೆಯ ರೋಗಿಯ ಆ ಮೂತ್ರದಲ್ಲಿ ಕಾಣಿಸಿಕೊಂಡ ಗರಣೆ ಇನ್ನಷ್ಟು ಕಾಯಿಸಿದಾಗ ಕರಗಿ, ಆರಿದಾಗ ಮತ್ತೆ ಹುಟ್ಟುತ್ತಿತ್ತು. ಮಲ್ಟಿಪಲ್ ಮೈಲೋಮ ಎಂಬ ಮೂಳೆಮಜ್ಜೆಯ ಕ್ಯಾನ್ಸರಿನ ಗುರುತಾಗಿ ಆ ಪ್ರೋಟೀನಿಗೆ ಇಂದಿಗೂ ಅವರದೇ ಹೆಸರಿದೆ.

ಸಕ್ಕರೆಯ ಕಥೆ ಬೇರೆ ದಾರಿಯಲ್ಲಿ ಸಾಗಿತು. ಹದಿನೇಳನೇ ಶತಮಾನದಲ್ಲಿ ಥಾಮಸ್ ವಿಲ್ಲಿಸ್ ಮಧುಮೇಹ ರೋಗಿಯ ಮೂತ್ರ ಸಿಹಿಯಾಗಿರುವುದನ್ನು ಬರೆದಿದ್ದರೂ ಅದು ಸಕ್ಕರೆಯೇ ಎಂದು ತೋರಿಸಿರಲಿಲ್ಲ. 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್, ದಿನಕ್ಕೆ 28 ಪಿಂಟ್ ಮೂತ್ರ ಹೋಗುತ್ತಿದ್ದ ಒಬ್ಬ ರೋಗಿಯ ಮೂತ್ರವನ್ನು ನಿಧಾನವಾಗಿ ಇಂಗಿಸಿದರು. ತಳದಲ್ಲಿ ಉಳಿದ ಹರಳುಹರಳಾದ ಉಂಡೆ ವಾಸನೆಯಲ್ಲೂ ರುಚಿಯಲ್ಲೂ ಸಕ್ಕರೆಯೇ ಆಗಿತ್ತು. ಆದರೆ ದಿನವೂ ಮೂತ್ರ ಇಂಗಿಸಿ ಕೂರಲು ಯಾರಿಗೂ ಆಗದು. 1841ರಲ್ಲಿ ಜರ್ಮನಿಯ ಟ್ರೋಮರ್ ಮೈಲುತುತ್ತದ ದ್ರಾವಣವನ್ನು ಬಳಸಿದರು. ಗ್ಲೂಕೋಸ್ ಇದ್ದರೆ ನೀಲಿ ತಾಮ್ರ ಕೆಂಪು ಆಕ್ಸೈಡಾಗಿ ತಳಕ್ಕಿಳಿಯುತ್ತದೆ. 1848ರ ಹೊತ್ತಿಗೆ ಫೆಹ್ಲಿಂಗ್ ಇದನ್ನು ಅಳತೆಗೆ ಒಗ್ಗಿಸಿದರು. 1908ರ ಸುಮಾರಿಗೆ ಅಮೆರಿಕದ ಸ್ಟಾನ್ಲಿ ಬೆನೆಡಿಕ್ಟ್ ಕೆಡದೆ ಉಳಿಯುವ ದ್ರಾವಣ ತಯಾರಿಸಿದರು. ಅದರ ಐದು ಮಿಲಿಲೀಟರಿಗೆ ಎಂಟು ಹನಿ ಮೂತ್ರ ಹಾಕಿ ಕುದಿಸಿದರೆ, ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ನೀಲಿ ಹಸಿರಾಗುತ್ತದೆ, ಹಳದಿಯಾಗುತ್ತದೆ, ಕಿತ್ತಳೆಯಾಗುತ್ತದೆ, ಕೊನೆಗೆ ಇಟ್ಟಿಗೆ ಕೆಂಪಾಗುತ್ತದೆ.

ಕರ್ನಾಟಕದ ಕಾಲೇಜು ಪ್ರಯೋಗಾಲಯಗಳಲ್ಲಿ ಬೆನೆಡಿಕ್ಟ್ ಪರೀಕ್ಷೆ ಪರಿಚಿತವಾದದ್ದು. ಅದಕ್ಕಿಂತ ಮುಖ್ಯವಾಗಿ, ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ರಕ್ತದೊತ್ತಡ, ಹಿಮೋಗ್ಲೋಬಿನ್ ಜೊತೆಗೆ ಮೂತ್ರದ ಅಲ್ಬುಮಿನ್ ಮತ್ತು ಸಕ್ಕರೆಯೂ ದಾಖಲಾಗುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪ್ರನಾಳದ ಮೇಲ್ಭಾಗವನ್ನಷ್ಟೇ ಸ್ಪಿರಿಟ್ ದೀಪಕ್ಕೆ ಹಿಡಿದು, ಬಿಸಿಯಾಗದ ಕೆಳಭಾಗಕ್ಕೆ ಹೋಲಿಸಿ, ಒಂದೆರಡು ಹನಿ ಅಸಿಟಿಕ್ ಆಮ್ಲ ಹಾಕಿ ನೋಡುವ ಕ್ರಮ ಡೆಕರ್ಸ್ ಮತ್ತು ಬ್ರೈಟ್ ಮಾಡಿದ್ದರ ನೇರ ಸಂತತಿ. ಆಮ್ಲ ಹಾಕಿದ ಮೇಲೂ ಮಬ್ಬು ಉಳಿದರೆ ಅದು ಪ್ರೋಟೀನ್, ಕರಗಿದರೆ ಫಾಸ್ಫೇಟ್. ರಕ್ತದೊತ್ತಡ ಏರಿರುವ ಗರ್ಭಿಣಿಯಲ್ಲಿ ಈ ಮಬ್ಬು ಕಂಡರೆ ಗರ್ಭದ ನಂಜಿನ ಸೂಚನೆ. ಅದನ್ನು ಗಮನಿಸದೆ ಬಿಟ್ಟರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

ರೋಗ ಗುರುತಿಸುವುದಷ್ಟೇ ಅಲ್ಲದೆ, ದೇಹದ ರಸಾಯನವನ್ನೇ ಅರಿಯಲು ಮೂತ್ರ ನೆರವಾಯಿತು. ಕೆಲವು ಮಕ್ಕಳ ಮೂತ್ರ ಗಾಳಿಗೆ ಒಡ್ಡಿದರೆ ಕಪ್ಪಾಗುತ್ತದೆ. ಅಲ್ಕಾಪ್ಟೊನ್ಯೂರಿಯ ಎಂಬ ಈ ಸ್ಥಿತಿ ಒಡಹುಟ್ಟಿದವರಲ್ಲಿ, ಅದರಲ್ಲೂ ರಕ್ತಸಂಬಂಧಿಗಳ ಮದುವೆಯಿಂದ ಹುಟ್ಟಿದವರಲ್ಲಿ ಹೆಚ್ಚು ಎಂಬುದನ್ನು ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿ ತೋರಿಸಿದರು. ಆಗಷ್ಟೇ ಮರಳಿ ಬೆಳಕಿಗೆ ಬಂದಿದ್ದ ಮೆಂಡಲನ ನಿಯಮಗಳು ಮನುಷ್ಯನ ರೋಗಕ್ಕೂ ಹೊಂದುತ್ತವೆ ಎಂಬುದಕ್ಕೆ ಅದು ಮೊದಲ ಉದಾಹರಣೆಯಾಯಿತು.

ನಾರ್ವೆಯಲ್ಲಿ 1934ರಲ್ಲಿ ನಡೆದದ್ದು ಇನ್ನೂ ಮನಮುಟ್ಟುವಂಥದ್ದು. ಹುಟ್ಟುವಾಗ ಚೆನ್ನಾಗಿದ್ದ ತನ್ನ ಇಬ್ಬರು ಮಕ್ಕಳ ಬುದ್ಧಿ ಏಕೆ ಬೆಳೆಯಲಿಲ್ಲ ಎಂದು ಒಬ್ಬ ತಾಯಿ ವೈದ್ಯರಿಂದ ವೈದ್ಯರಿಗೆ ಅಲೆದು, ಆಸ್‌ಬ್ಯೋರ್ನ್ ಫೋಲಿಂಗ್ ಅವರ ಬಳಿಗೆ ಬಂದಳು. ಮಕ್ಕಳಿಂದ ಒಂದು ಬಗೆಯ ಮುಗ್ಗಲು ವಾಸನೆ ಬರುತ್ತಿತ್ತು. ಫೋಲಿಂಗ್ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ನಿರೀಕ್ಷಿಸಿದ ಬಣ್ಣ ಬರಲಿಲ್ಲ. ಗಾಢ ಹಸಿರು ಬಂದು ಆಮೇಲೆ ಮಾಸಿತು. ಔಷಧಿಯ ಪ್ರಭಾವ ಇರಬಹುದೆಂದು ಎಲ್ಲ ಮದ್ದು ನಿಲ್ಲಿಸಿ ಮತ್ತೆ ಮೂತ್ರ ತರಿಸಿದರು. ಮತ್ತೂ ಅದೇ ಹಸಿರು. ಲೀಟರುಗಟ್ಟಲೆ ಮೂತ್ರದಿಂದ ಅವರು ಬೇರ್ಪಡಿಸಿದ ವಸ್ತು ಫಿನೈಲ್ ಪೈರುವಿಕ್ ಆಮ್ಲ. ಬುದ್ಧಿಮಾಂದ್ಯರ ಆಶ್ರಯಧಾಮಗಳಲ್ಲಿದ್ದ 430 ಜನರನ್ನು ಪರೀಕ್ಷಿಸಿದಾಗ ಇನ್ನೂ ಎಂಟು ಮಂದಿಯಲ್ಲಿ ಅದು ಸಿಕ್ಕಿತು. ಫಿನೈಲಲನಿನ್ ಎಂಬ ಅಮೈನೋ ಆಮ್ಲವನ್ನು ದೇಹ ಅರಗಿಸಲಾರದ ಈ ಕಾಯಿಲೆ ಇಂದು ಪಿಕೆಯು ಎಂದೇ ಪರಿಚಿತ. ಆ ಇಬ್ಬರು ಮಕ್ಕಳಿಗೆ ಇದರಿಂದ ಪ್ರಯೋಜನವಾಗಲಿಲ್ಲ. ಆದರೆ 1950ರ ದಶಕದಲ್ಲಿ ಪಥ್ಯಾಹಾರ ರೂಪುಗೊಂಡಿತು. ಅದನ್ನು ಆದಷ್ಟು ಬೇಗ ಆರಂಭಿಸಬೇಕು. ಆದರೆ ಮೂತ್ರದಲ್ಲಿ ಆಮ್ಲ ಕಾಣಿಸಿಕೊಳ್ಳಲು ಕೆಲವು ವಾರ ಬೇಕು, ಅಷ್ಟರಲ್ಲಿ ಮಿದುಳಿಗೆ ಪೆಟ್ಟು ಬಿದ್ದಿರುತ್ತದೆ. ಹಾಗಾಗಿ 1960ರ ದಶಕದಿಂದ ಶಿಶುವಿನ ಹಿಮ್ಮಡಿಯ ರಕ್ತದ ಹನಿ ಮೂತ್ರದ ಸ್ಥಾನವನ್ನು ಪಡೆಯಿತು.

ಪರೀಕ್ಷೆಯನ್ನು ಪ್ರಯೋಗಾಲಯದಿಂದ ರೋಗಿಯ ಕೈಗೆ ತಂದದ್ದು ಪಟ್ಟಿ. 1850ರಲ್ಲಿ ಫ್ರಾನ್ಸಿನ ಮೋಮೆನೆ ತವರದ ಲವಣ ಹೀರಿಸಿದ ಉಣ್ಣೆಯ ಪಟ್ಟಿಯಲ್ಲಿ ಸಕ್ಕರೆ ಪತ್ತೆ ಮಾಡಿದ್ದರು. 1883ರಲ್ಲಿ ಇಂಗ್ಲೆಂಡಿನ ಜಾರ್ಜ್ ಆಲಿವರ್ ಪರೀಕ್ಷಾ ಕಾಗದಗಳನ್ನು ತಂದರು. 1941ರಲ್ಲಿ ಮೈಲ್ಸ್ ಕಂಪನಿಯ ಕ್ಲಿನಿಟೆಸ್ಟ್ ಮಾತ್ರೆ ಬಂತು. ಪ್ರನಾಳದಲ್ಲಿ ಹಾಕಿದರೆ ತಾನೇ ಕುದಿಯುತ್ತಿದ್ದುದರಿಂದ ದೀಪ ಬೇಕಿರಲಿಲ್ಲ. ನಿಜವಾದ ತಿರುವು 1956ರದು. ಅದೇ ಕಂಪನಿಯ ಹೆಲೆನ್ ಫ್ರೀ ಮತ್ತು ಆಲ್ಫ್ರೆಡ್ ಫ್ರೀ ದಂಪತಿ ತಾಮ್ರವನ್ನು ಬಿಟ್ಟು ಕಿಣ್ವಗಳನ್ನು ಕಾಗದಕ್ಕೆ ಹೀರಿಸಿದರು. ತಾಮ್ರದ ಪರೀಕ್ಷೆಗೆ ಹಾಲೂಡಿಸುವ ತಾಯಿಯ ಮೂತ್ರದ ಲ್ಯಾಕ್ಟೋಸ್ ಕೂಡ ಸಕ್ಕರೆ ಕಾಯಿಲೆಯಂತೆ ಕಾಣುತ್ತಿತ್ತು. ಗ್ಲೂಕೋಸ್ ಆಕ್ಸಿಡೇಸ್ ಗ್ಲೂಕೋಸನ್ನು ಮಾತ್ರ ಗುರುತಿಸುತ್ತದೆ. ಆಗ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡಿನಿಂದ ಪಟ್ಟಿ ನೀಲಿಯಾಗುತ್ತದೆ. ಮುಂದೆ ಒಂದೇ ಪಟ್ಟಿಯಲ್ಲಿ ಪ್ರೋಟೀನ್, ಕೀಟೋನ್, ರಕ್ತ, ಸೋಂಕನ್ನು ಸೂಚಿಸುವ ನೈಟ್ರೈಟ್ ಹೀಗೆ ಹತ್ತು ಪರೀಕ್ಷೆಗಳು ಸೇರಿದವು. ಸಕ್ಕರೆ ರೋಗಿಗಳ ಮಟ್ಟಿಗೆ ಮೂತ್ರಕ್ಕೊಂದು ಮಿತಿ ಇತ್ತು: ನೂರು ಮಿಲಿಲೀಟರ್ ರಕ್ತದಲ್ಲಿ ಗ್ಲೂಕೋಸ್ ಸುಮಾರು 180 ಮಿಲಿಗ್ರಾಂ ದಾಟುವವರೆಗೆ ಮೂತ್ರದಲ್ಲಿ ಅದು ಬರುವುದಿಲ್ಲ. ಮನೆಯಲ್ಲೇ ಬಳಸುವ ರಕ್ತದ ಮೀಟರ್ ಬಂದ ಮೇಲೆ ಪಟ್ಟಿ ಹಿಂದೆ ಸರಿಯಿತು.

ಗರ್ಭ ನಿಂತಿದೆಯೇ ಎಂಬ ಪ್ರಶ್ನೆಗೆ 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಜೊಂಡೆಕ್ ಉತ್ತರ ಕಂಡರು: ಗರ್ಭಿಣಿಯ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನದ ನಂತರ ಕೊಯ್ದು ಅಂಡಾಶಯ ನೋಡಬೇಕಿತ್ತು. ಆಮೇಲೆ ಮೊಲ ಬಂತು, ದಕ್ಷಿಣ ಆಫ್ರಿಕದ ಕಪ್ಪೆ ಬಂತು. 1960ರಲ್ಲಿ ಸ್ವೀಡನ್ನಿನ ವೀಡೆ ಮತ್ತು ಗೆಮ್‌ಜೆಲ್ ಪ್ರತಿಕಾಯ ಬಳಸಿದ ಪರೀಕ್ಷೆ ರೂಪಿಸಿದ ಮೇಲೆ ಪ್ರಾಣಿಗಳನ್ನು ಕೊಲ್ಲುವ ಅಗತ್ಯ ತಪ್ಪಿತು. 1967ರಲ್ಲಿ ಔಷಧ ಕಂಪನಿಯೊಂದರಲ್ಲಿ ವಿನ್ಯಾಸಕಿಯಾಗಿದ್ದ ಮಾರ್ಗರೆಟ್ ಕ್ರೇನ್, ಸಾಲಾಗಿ ನಿಂತ ಪ್ರನಾಳಗಳನ್ನು ಕಂಡು, ಇದನ್ನು ಹೆಂಗಸರು ಮನೆಯಲ್ಲೇ ಮಾಡಿಕೊಳ್ಳಬಹುದಲ್ಲ ಎಂದು ಯೋಚಿಸಿ ಚಿಕ್ಕದೊಂದು ಪೆಟ್ಟಿಗೆ ತಯಾರಿಸಿದರು. ಮೊದಲು ಕಂಪನಿಯವರೇ ವಿರೋಧಿಸಿದರು. ತನ್ನ ದೇಹದ ಸುದ್ದಿ ಹೆಣ್ಣಿಗೆ ಎಲ್ಲರಿಗಿಂತ ಮೊದಲು ತಿಳಿಯಬೇಕು ಎಂಬುದು ಅಂದು ಅಷ್ಟು ಸುಲಭವಾಗಿ ಒಪ್ಪಿತವಾಗುವ ಮಾತಾಗಿರಲಿಲ್ಲ.

ನ್ಯಾಯಾಲಯಕ್ಕೆ ರಸಾಯನಶಾಸ್ತ್ರವನ್ನು ಎಳೆದು ತಂದದ್ದು ಪಾಷಾಣ, ಅಂದರೆ ಆರ್ಸೆನಿಕ್. 1836ರಲ್ಲಿ ಜೇಮ್ಸ್ ಮಾರ್ಷ್, 1841ರಲ್ಲಿ ಹ್ಯೂಗೊ ರೈನ್ಷ್ ರೂಪಿಸಿದ ಪರೀಕ್ಷೆಗಳು ಅತ್ಯಲ್ಪ ಆರ್ಸೆನಿಕ್ಕನ್ನೂ ತೋರಿಸುತ್ತಿದ್ದವು. ರೈನ್ಷ್ ವಿಧಾನದಲ್ಲಿ ಮೂತ್ರಕ್ಕೆ ಆಮ್ಲ ಬೆರೆಸಿ ತಾಮ್ರದ ತಗಡು ಮುಳುಗಿಸಿ ಕಾಯಿಸಿದರೆ, ಆರ್ಸೆನಿಕ್ ಇದ್ದಲ್ಲಿ ತಗಡು ಕಪ್ಪಾಗುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಕುಡಿದು ವಾಹನ ಓಡಿಸುವವರ ಸರದಿ. ಬ್ರಿಟನ್ನಿನ 1967ರ ಕಾನೂನು ನೂರು ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ, ಮೂತ್ರದಲ್ಲಿ 107 ಮಿಲಿಗ್ರಾಂ ಮದ್ಯಸಾರವೆಂದು ಮಿತಿ ಹಾಕಿತು. ರಕ್ತಕ್ಕಿಂತ ಮೂತ್ರದಲ್ಲಿ ನೀರಿನಂಶ ಹೆಚ್ಚು, ಮದ್ಯಸಾರ ನೀರಿನ ಜೊತೆ ಹೋಗುತ್ತದೆ, ಹಾಗಾಗಿ ಅಂಕಿ ದೊಡ್ಡದು. ಮೂತ್ರಕೋಶದಲ್ಲಿ ಗಂಟೆಗಳಿಂದ ಸಂಗ್ರಹವಾದದ್ದು ಆ ಕ್ಷಣದ ಸ್ಥಿತಿ ಹೇಳದು ಎಂಬ ಕಾರಣಕ್ಕೆ ಮೊದಲ ಮೂತ್ರವನ್ನು ಬಿಟ್ಟು, ಗಂಟೆಯೊಳಗೆ ಕೊಟ್ಟ ಎರಡನೆಯದನ್ನು ಪರೀಕ್ಷಿಸುವ ನಿಯಮ ಬಂತು. ಭಾರತದ ಮೋಟಾರು ವಾಹನ ಕಾಯ್ದೆ ರಕ್ತದಲ್ಲಿ 30 ಮಿಲಿಗ್ರಾಂ ಮಿತಿಯನ್ನು ಇಟ್ಟುಕೊಂಡಿದೆ.

ಮಾದಕ ವಸ್ತುವಿನ ಪರೀಕ್ಷೆ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು 1971ರಲ್ಲಿ, ವಿಯೆಟ್ನಾಮಿನಿಂದ ಊರಿಗೆ ಹೊರಟ ಅಮೆರಿಕದ ಸೈನಿಕರ ಮೇಲೆ. 1986ರಲ್ಲಿ ಅಧ್ಯಕ್ಷ ರೇಗನ್ ಅವರ ಆದೇಶದಿಂದ ಅದು ಸರ್ಕಾರಿ ನೌಕರರಿಗೂ ಬಂತು. ಪ್ರತಿಕಾಯ ಆಧಾರಿತ ಮೊದಲ ಪರೀಕ್ಷೆ ಅಗ್ಗ, ಆದರೆ ಹೋಲಿಕೆಯಿರುವ ವಸ್ತುವಿಗೂ ಮೋಸಹೋಗುತ್ತದೆ. ಆದ್ದರಿಂದ ಗ್ಯಾಸ್ ಕ್ರೊಮ್ಯಾಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿ ಎಂಬ ಹೆಚ್ಚು ನಿಖರವಾದ ವಿಧಾನಗಳಿಂದ ಅದನ್ನು ದೃಢಪಡಿಸಲೇಬೇಕು. ಅದೂ ಸಾಲದು. ಗಸಗಸೆಯಲ್ಲಿ ಸ್ವಲ್ಪ ಮಾರ್ಫಿನ್ ಇರುತ್ತದೆ, ತಿಂದವರ ಮೂತ್ರದಲ್ಲಿ ಅದು ನಿಜವಾಗಿಯೂ ಸಿಗುತ್ತದೆ. ಹಬ್ಬದ ಗಸಗಸೆ ಪಾಯಸ ಉಂಡವರಿಗೂ ಈ ಮಾತು ಅನ್ವಯ. ಇದಕ್ಕಾಗಿಯೇ ಅಮೆರಿಕ 1998ರಲ್ಲಿ ಮಾರ್ಫಿನ್ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿತು. ಯಂತ್ರ ತಪ್ಪದಿದ್ದರೂ ಅರ್ಥೈಸುವಾಗ ಅನ್ಯಾಯವಾಗಬಹುದು. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಚಾರ್ಲ್ಸ್‌ಟನ್ನಿನ ಸರ್ಕಾರಿ ಆಸ್ಪತ್ರೆ ಗರ್ಭಿಣಿಯರ ಮೂತ್ರದಲ್ಲಿ ಅವರ ಒಪ್ಪಿಗೆಯಿಲ್ಲದೆ ಕೊಕೇನ್ ಹುಡುಕಿ ಪೊಲೀಸರಿಗೆ ತಿಳಿಸುತ್ತಿದ್ದ ಪ್ರಕರಣದಲ್ಲಿ, ಅಂಥ ಪರೀಕ್ಷೆ ಸಂವಿಧಾನಕ್ಕೆ ವಿರುದ್ಧವಾದ ಶೋಧ ಎಂದು ತೀರ್ಪಿತ್ತಿತು. ಚಿಕಿತ್ಸೆಗೆಂದು ನಂಬಿ ಕೊಟ್ಟ ಮಾದರಿ ತನ್ನ ವಿರುದ್ಧವೇ ಸಾಕ್ಷಿಯಾಗುವುದಾದರೆ ಗರ್ಭಿಣಿ ಆಸ್ಪತ್ರೆಗೇ ಬರಲಾರಳು.

ಕ್ರೀಡೆಯಲ್ಲಿ ಉದ್ದೀಪನ ಮದ್ದಿನ ಪರೀಕ್ಷೆ 1968ರ ಒಲಿಂಪಿಕ್ಸಿನಿಂದ ನಿಯಮವಾಯಿತು. 1988ರ ಸೋಲ್‌ನಲ್ಲಿ 9.79 ಸೆಕೆಂಡಿನಲ್ಲಿ ನೂರು ಮೀಟರ್ ಓಡಿದ ಬೆನ್ ಜಾನ್ಸನ್ ಮೂತ್ರದಲ್ಲಿ ಸ್ಟಾನೊಜೊಲಾಲ್ ಎಂಬ ಸ್ಟೀರಾಯ್ಡ್ ಸಿಕ್ಕಿ ಪದಕ ಹೋದಾಗ ಲೋಕವೇ ಈ ಪರೀಕ್ಷೆಯ ಶಕ್ತಿಯನ್ನು ಕಂಡಿತು. ಕ್ರೀಡಾಪಟು ಅಧಿಕಾರಿಯ ಕಣ್ಣೆದುರಿಗೇ ಕನಿಷ್ಠ 90 ಮಿಲಿಲೀಟರ್ ಕೊಡಬೇಕು. ಅದು ಎ ಮತ್ತು ಬಿ ಎಂಬ ಎರಡು ಸೀಸೆಗಳಲ್ಲಿ ಮೊಹರಾಗುತ್ತದೆ. ಮೊದಲನೆಯದರ ಫಲಿತಾಂಶ ಒಪ್ಪದವರು ಎರಡನೆಯದನ್ನು ತೆರೆಸಬಹುದು. 2014ರಲ್ಲಿ ರಷ್ಯದ ಸೋಚಿಯ ಚಳಿಗಾಲದ ಒಲಿಂಪಿಕ್ ಕೂಟದಲ್ಲಿ ಈ ಮೊಹರನ್ನೇ ಮುರಿಯಲಾಯಿತು: ಪ್ರಯೋಗಾಲಯದ ಗೋಡೆಯ ಕಿಂಡಿಯಿಂದ ರಾತ್ರಿ ಸೀಸೆಗಳನ್ನು ದಾಟಿಸಿ, ಮದ್ದು ಬೆರೆತ ಮೂತ್ರದ ಬದಲು ಹಿಂದೆಯೇ ಸಂಗ್ರಹಿಸಿದ್ದ ಶುದ್ಧ ಮೂತ್ರ ತುಂಬಿದ್ದನ್ನು ಪ್ರಯೋಗಾಲಯದ ಮುಖ್ಯಸ್ಥನೇ 2016ರಲ್ಲಿ ಬಾಯಿಬಿಟ್ಟ. ಉದ್ದೀಪನ ಮದ್ದು ಪತ್ತೆಮಾಡುವ ದೆಹಲಿಯ ರಾಷ್ಟ್ರೀಯ ಪ್ರಯೋಗಾಲಯಕ್ಕೆ 2008ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. 2019ರಲ್ಲಿ ಅಮಾನತಾಗಿ, 2021ರ ಕೊನೆಗೆ ಮರಳಿ ಬಂತು. ಹೊಸ ವಿಧಾನಗಳು ಹಳೆಯ ಸೀಸೆಗಳಲ್ಲಿ ಅಂದು ಕಾಣದ ಕುರುಹುಗಳನ್ನು ಹುಡುಕಬಲ್ಲವು. ಒಲಿಂಪಿಕ್ ಮಾದರಿಗಳನ್ನು ಮೊದಲು ಎಂಟು ವರ್ಷ ಕಾಯ್ದಿಡುತ್ತಿದ್ದರು, 2015ರಿಂದ ಆ ಅವಧಿ ಹತ್ತು ವರ್ಷವಾಗಿದೆ. ಬೀಜಿಂಗ್ ಮತ್ತು ಲಂಡನ್ ಕೂಟಗಳ ಹಲವು ಪದಕಗಳು ಹೀಗೆ ವರ್ಷಗಳ ನಂತರ ಕೈಬದಲಾದವು.