ಇಂಧನಚಾಲಿತ ಕಿರುಕಾರುಗಳ ಜಗತ್ಸ್ಪರ್ಧೆ

11ನೆಯ ಶತಮಾನದ ಭೋಜರಾಜನು ಸಮರಾಂಗಣಸೂತ್ರಧಾರದ ಯಂತ್ರಾಧ್ಯಾಯದಲ್ಲಿ ಸ್ವಯಂವಾಹಕಯಂತ್ರವನ್ನು ಹೇಳಿರುವನು. ಇದರಿಂದ, ರೇಡಿಯೋ ತರಂಗಗಳಿಗೆ ಅಧೀನವಾಗಿ ಓಡುವ ಕಿರುಕಾರುಗಳು ಪ್ರಾಚೀನರಿಗೆ ತಿಳಿದಿದ್ದುವೆಂದು ಊಹಿಸಬಹುದೆ ಎಂಬುದು ವಿಚಾರಾರ್ಹವು.

ಈ ಕಾರುಗಳಲ್ಲಿ ಎರಡು ತತ್ತ್ವಗಳು ಕೂಡಿರುವುವು. ಓಟಕ್ಕೆ ಕಾರಣವು ಮೆಥನಾಲ್, ನೈಟ್ರೋಮೀಥೇನ್, ಎಣ್ಣೆಗಳ ಮಿಶ್ರಣವನ್ನುರಿಸುವ ಇಂಜಿನು. ತಿರುವು, ವೇಗ, ತಡೆಗಳಿಗೆ ಕಾರಣವು ದೂರದಲ್ಲಿ ನಿಂತ ಚಾಲಕನ ಸಂಕೇತವು. ಮೊದಲನೆಯದಕ್ಕೆ ಸ್ವಯಂವಾಹಕವೆಂಬ ಹೆಸರು ಒಪ್ಪುವುದು. ಎರಡನೆಯದನ್ನು ಟೆಸ್ಲಾ ಎಂಬ ಶೋಧಕನು 1898ರಲ್ಲಿ ನ್ಯೂಯಾರ್ಕಿನಲ್ಲಿ ದೋಣಿಯೊಂದನ್ನು ತಂತಿಯಿಲ್ಲದೆ ನಡೆಸಿ ತೋರಿದನು. ಎರಡೂ ಕೂಡಿದ ಮೇಲೆಯೇ, ಎಂಟರಲ್ಲೊಂದಂಶ ಪ್ರಮಾಣದ ಕಾರುಗಳ ಮೊದಲ ಜಗತ್ಸ್ಪರ್ಧೆಯು 1977ರಲ್ಲಿ ಅಮೆರಿಕೆಯ ಪೊಮೋನಾದಲ್ಲಿ ನಡೆಯಿತು.

ಆದುದರಿಂದ ಹೆಸರಿನ ಸಾದೃಶ್ಯವು ವಸ್ತುವಿನ ಐಕ್ಯಕ್ಕೆ ಪ್ರಮಾಣವಾಗಲಾರದು. ಭೋಜನ ಕೀರ್ತಿಗೆ ಆತನು ಬರೆದುದೇ ಸಾಕು.